ಜಾಲಿ ಮುಳ್ಳು ಮತ್ತು ಗಾಳಿ ಟೈರು

ಸಿಂಧನೂರು, ಸಿರುಗುಪ್ಪ, ಗಂಗಾವತಿ ಕಡೆಯ ಕಾಲುವೆ ದಂಡೆಗಳಲ್ಲಿ ಸೈಕಲ್ ತುಳಿಯುವವರಿಗೆ ಬಳ್ಳಾರಿ ಜಾಲಿಯ ಕಾಟ ಹೊಸದಲ್ಲ. ಒಣಗಿದ ಮುಳ್ಳು ಸವೆದ ಟೈರನ್ನು ಸಲೀಸಾಗಿ ದಾಟಿ ಟ್ಯೂಬಿಗೆ ಇಳಿಯುತ್ತದೆ. ಹಾಗಿದ್ದೂ ಗಾಳಿ ಟೈರನ್ನು ಯಾರೂ ಬಿಟ್ಟಿಲ್ಲ.

1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಓಡಿಸಿದ ಎರಡು ಗಾಲಿಯ ಬಂಡಿಗೆ ಪೆಡಲೂ ಇರಲಿಲ್ಲ, ರಬ್ಬರೂ ಇರಲಿಲ್ಲ. ಮುಂದೆ ಗಟ್ಟಿ ರಬ್ಬರ್ ಬಂತು, ಮುಂದಿನ ಗಾಲಿ ಆಳೆತ್ತರ ಬೆಳೆಯಿತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಚೈನು ಹಾಕಿ ಹಿಂದಿನ ಗಾಲಿಯನ್ನು ತಿರುಗಿಸುವ ರೋವರ್ ಸೈಕಲ್ ತಂದಾಗ ಬೀಳುವ ಭಯವೇನೋ ಕಡಿಮೆಯಾಯಿತು. ಆದರೆ ಗಾಲಿ ಚಿಕ್ಕದಾದಷ್ಟೂ ಕುಣಿಯ ಏಟು ಜಾಸ್ತಿ, ಸವಾರನ ಮೈಕೈ ನೋವೂ ಜಾಸ್ತಿ. ಆ ಏಟಿಗೆ ಮದ್ದು ಸಿಕ್ಕಿದ್ದು 1888ರಲ್ಲಿ. ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಡನ್ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿದ. 1845ರಲ್ಲೇ ರಾಬರ್ಟ್ ಥಾಮ್ಸನ್ ಇಂಥದ್ದಕ್ಕೆ ಪೇಟೆಂಟ್ ಪಡೆದಿದ್ದ, ಅದು ಎಲ್ಲರಿಗೂ ಮರೆತೇ ಹೋಗಿತ್ತು. ಡನ್ಲಪ್ ಟೈರು ರಿಮ್ಮಿಗೆ ಅಂಟಿಕೊಂಡಿರುತ್ತಿತ್ತು, ಪಂಕ್ಚರ್ ಆದರೆ ಗಂಟೆಗಟ್ಟಲೆ ಕೆಲಸ. 1891ರಲ್ಲಿ ಫ್ರಾನ್ಸಿನ ಮಿಷೆಲಿನ್ ಸಹೋದರರು ಬಿಚ್ಚಿ ಹಾಕುವ ಟೈರು ತಂದರು. ಇವತ್ತು ಮರದಡಿಯ ಪಂಕ್ಚರ್ ಅಂಗಡಿ ನಡೆಯುವುದೇ ಈ ಬಿಚ್ಚುವ ಅನುಕೂಲದಿಂದ.

ಜಾಲಿ ಮುಳ್ಳು ಎಷ್ಟೋ ಸಲ ಟ್ಯೂಬಿನ ಎರಡೂ ಬದಿ ತೂರಿರುತ್ತದೆ. ಒಂದು ತೂತು ಸಿಕ್ಕಿತೆಂದು ನಿಲ್ಲಬಾರದು, ಇಡೀ ಟ್ಯೂಬನ್ನು ನೀರಿನಲ್ಲಿ ಸುತ್ತಿಸಿ ನೋಡಬೇಕು. ಟೈರಿನ ಒಳಗೆ ಬಟ್ಟೆ ಸವರಿದರೆ ಮುರಿದ ಮುಳ್ಳಿನ ತುದಿ ಎಳೆಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಕೀಳದಿದ್ದರೆ ಊರು ಮುಟ್ಟುವುದರೊಳಗೆ ಮತ್ತೆ ಪಂಕ್ಚರ್. ತೂತಿನ ಸುತ್ತ ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಸವರಿ, ಬೆರಳಿಗೆ ಹಸಿ ಅಂಟದಷ್ಟು ಆರಲು ಬಿಡಬೇಕು. ಹಸಿ ಇರುವಾಗಲೇ ಪ್ಯಾಚು ಒತ್ತುವುದೇ ದೊಡ್ಡ ತಪ್ಪು. ಒಳಗೆ ಸಿಕ್ಕಿಬಿದ್ದ ದ್ರಾವಕ ಬಿಸಿಲಿಗೆ ಆವಿಯಾಗಿ ಪ್ಯಾಚನ್ನು ಎಬ್ಬಿಸುತ್ತದೆ.

ರಾಯಚೂರಿನ ಬೇಸಿಗೆಗೆ ಟೈರು ತಾನಾಗಿ ಸಿಡಿಯುತ್ತದೆಂದು ಅರ್ಧ ಗಾಳಿಯಲ್ಲೇ ಓಡಿಸುವವರಿದ್ದಾರೆ. ಬೆಳಗ್ಗೆ 25 ಡಿಗ್ರಿಯಲ್ಲಿ 45 ಪೌಂಡ್ ಹೊಡೆದ ಗಾಳಿ 55 ಡಿಗ್ರಿಗೆ ಕಾದರೂ 51 ಪೌಂಡಿನ ಆಸುಪಾಸಿಗೆ ಬರುತ್ತದೆ, ಅಷ್ಟೇ. ಗಟ್ಟಿಯಿರುವ ಟೈರು ಅದನ್ನು ತಡೆಯುತ್ತದೆ. ಸಿಡಿಯುವುದು ದಾರ ಹರಿದ ಹಳೇ ಟೈರು. ಗಾಳಿ ಕಡಿಮೆಯಿದ್ದರೆ ಕಲ್ಲಿನ ಮೇಲೆ ಹೋದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ಸೀಳು ಬೀಳುತ್ತದೆ.

ಎಲ್ಲೂ ತೂತಿಲ್ಲದೆ ರಾತ್ರಿ ಕಳೆಯುವುದರಲ್ಲಿ ಗಾಳಿ ಇಳಿದಿದ್ದರೆ, ಕರಿ ಸೈಕಲ್ಲುಗಳಲ್ಲಿ ಮೊದಲು ವಾಲ್‌ಟ್ಯೂಬ್, ಅಂದರೆ ವಾಲ್ವಿಗೆ ತೊಡಿಸಿರುವ ಸಣ್ಣ ರಬ್ಬರ್ ಕೊಳವೆ, ನೋಡಿ. ವಾಲ್ವಿನ ಬಾಯಿಗೆ ಉಗುಳು ಹಚ್ಚಿದಾಗ ಗುಳ್ಳೆ ಬಂದರೆ ಆ ಕೊಳವೆ ಬಿರುಕು ಬಿಟ್ಟಿದೆ ಎಂದರ್ಥ. ಹೊಸದು ಹಾಕಿದರೆ ಆಯಿತು, ಟೈರು ಬಿಚ್ಚುವ ಕೆಲಸವೇ ಇಲ್ಲ.