ನೆಟ್ಟಗೆ ನಿಂತ ಹುಡುಗನ ಬಗ್ಗೆಯೇ ನನಗೆ ಹೆಚ್ಚು ಆತಂಕ

ಬೀಗರೂಟಗಳ ಕಾಲ ಬಂತೆಂದರೆ, ಮಂಡ್ಯದಲ್ಲಿ ರಾತ್ರಿ ಪಾಳಿ ಮಾಡುವ ನನ್ನಂಥ ವೈದ್ಯರ ಮುಂದೆ ಹದಿನೈದು ಹದಿನಾರರ ಹುಡುಗರು ಪ್ರಜ್ಞೆಯಿಲ್ಲದೆ ಬಂದು ಮಲಗುವುದು ಅಪರೂಪವೇನಲ್ಲ. ಈಚೆಗೆ ಬಂದವನು ಎಸ್ಸೆಸ್ಸೆಲ್ಸಿ ಮುಗಿಸಿದ್ದ ಹುಡುಗ. ಬೆಳಗಿನಿಂದ ಪಂಕ್ತಿಯಲ್ಲಿ ಮುದ್ದೆ, ಸಾರು ಬಡಿಸಿ, ತಾನು ಉಣ್ಣುವ ಮೊದಲೇ ಶಾಮಿಯಾನದ ಹಿಂದೆ ಎರಡು ಬಾಟಲಿ ಸ್ಟ್ರಾಂಗ್ ಬಿಯರ್ ಕುಡಿದಿದ್ದ. ಸಂಜೆ ಮನೆಗೆ ಬಂದು ಮಲಗಿದವನಿಗೆ ರಾತ್ರಿ ಕಂಬಳಿ ಹೊದಿಸಲು ಹೋದ ಅಜ್ಜಿಗೆ ಅವನ ಮೈ ತಣ್ಣಗೆ ತಗುಲಿತು. ಅಂಗಿ ಬೆವರಿನಿಂದ ತೊಯ್ದಿತ್ತು, ಅಲುಗಿಸಿದರೂ ಏಳಲಿಲ್ಲ. ನಾವು ಬೆರಳು ಚುಚ್ಚಿ ನೋಡಿದಾಗ ರಕ್ತದ ಸಕ್ಕರೆ 42ಕ್ಕೆ ಇಳಿದಿತ್ತು. ಬಾಟಲಿ ಕೊಡಿಸಿದ್ದ ಸೋದರಮಾವ ಮಂಚದ ಪಕ್ಕ ನಿಂತು, “ಬರೀ ಬಿಯರ್ರು ಸಾ. ಎರಡು ಕುಡುದ್ರೂ ನೆಟ್ಟಗೇ ನಿಂತಿದ್ದ. ಬೈಕೂ ಅವನೇ ಓಡುಸ್ಕೊಂಡು ಬಂದ” ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಆ ಮಾತಿನಲ್ಲಿ ಎರಡು ತಪ್ಪು ತಿಳಿವಳಿಕೆಗಳಿದ್ದವು.

ಮೊದಲನೆಯದು ಬಿಯರಿನ ಲೆಕ್ಕ. 650 ಮಿಲಿಲೀಟರಿನ ಸ್ಟ್ರಾಂಗ್ ಬಿಯರಿನಲ್ಲಿ ಮದ್ಯಸಾರ ಶೇಕಡಾ 8ರವರೆಗೂ ಇರುತ್ತದೆ, ಅಂದರೆ ಸುಮಾರು 40 ಗ್ರಾಂ. ಶೇಕಡಾ 42.8ರ ವಿಸ್ಕಿಯ ತೊಂಬತ್ತು ಮಿಲಿಲೀಟರಿನ ಪ್ಯಾಕೆಟ್ಟಿನಲ್ಲಿರುವುದು ಸುಮಾರು 30 ಗ್ರಾಂ. ಹುಡುಗನ ಕೈಗೆ ವಿಸ್ಕಿ ಕೊಡಲು ಹಿಂಜರಿಯುವ ಹಿರಿಯರು, ಅದಕ್ಕಿಂತ ಹೆಚ್ಚು ಮದ್ಯಸಾರವಿರುವ ಬಾಟಲಿಯನ್ನು ನಿರಾಳವಾಗಿ ಕೊಡುತ್ತಾರೆ. ಐವತ್ತು ಕಿಲೋ ತೂಗುವ ಹುಡುಗ ಅಂಥ ಒಂದೇ ಬಾಟಲಿಯನ್ನು ಬೇಗ ಖಾಲಿ ಮಾಡಿದರೆ ಅವನ ರಕ್ತದ ಪ್ರತಿ 100 ಮಿಲಿಲೀಟರಿನಲ್ಲಿ ಮದ್ಯಸಾರ 120 ಮಿಲಿಗ್ರಾಂ ಹತ್ತಿರ ಹೋಗುತ್ತದೆ. ವಯಸ್ಕ ಚಾಲಕನಿಗೆ ಕಾನೂನು ಹಾಕಿರುವ ಮಿತಿ 30 ಮಿಲಿಗ್ರಾಂ. ಹೆಣ್ಣುಮಕ್ಕಳ ದೇಹದಲ್ಲಿ ನೀರಿನ ಅಂಶ ಕಡಿಮೆಯಿರುವುದರಿಂದ ಅಷ್ಟೇ ಕುಡಿದರೂ ಈ ಮಟ್ಟ ಇನ್ನೂ ಮೇಲೇರುತ್ತದೆ.

ಎರಡನೆಯದು ‘ನೆಟ್ಟಗೆ ನಿಂತಿದ್ದ’ ಎಂಬ ಸಮಾಧಾನ. ನಾನು ಈ ಅಂಕಣ ಬರೆಯುತ್ತಿರುವುದೇ ಇದಕ್ಕಾಗಿ. ಮದ್ಯ ದೊಡ್ಡವರಿಗೆ ಬೇಗ ತೂಕಡಿಕೆ ತರುತ್ತದೆ, ಕಾಲು ತೊಡರಿಸುತ್ತದೆ, ಸಾಕು ನಿಲ್ಲಿಸು ಎಂದು ದೇಹವೇ ಹೇಳುತ್ತದೆ. ಹದಿಹರೆಯದ ಮಿದುಳಿಗೆ ಈ ಎಚ್ಚರಿಕೆ ಅಷ್ಟು ಬೇಗ ಮುಟ್ಟುವುದಿಲ್ಲವೆಂದು ತೋರುತ್ತದೆ. ಹಾಗಾಗಿ ಹುಡುಗ ಮುಂದಿನ ಲೋಟಕ್ಕೆ ಕೈ ಚಾಚುತ್ತಾನೆ, ನೋಡುವವರು ‘ಗಟ್ಟಿ ಆಳು’ ಎಂದು ಬೆನ್ನು ತಟ್ಟುತ್ತಾರೆ. ಆದರೆ ನೆನಪನ್ನು ಕೂಡಿಡುವ ಮಿದುಳಿನ ಭಾಗಕ್ಕೆ ಆ ವಯಸ್ಸಿನಲ್ಲಿ ಪೆಟ್ಟು ಜೋರಾಗಿಯೇ ಬೀಳುತ್ತದೆ. ದುಡುಕನ್ನು ತಡೆಯುವ ಮುಂಭಾಗವಂತೂ ಇಪ್ಪತ್ತೈದರ ಆಸುಪಾಸಿನವರೆಗೆ ಇನ್ನೂ ಬಲಿಯುತ್ತಲೇ ಇರುತ್ತದೆ.

ಕ್ಯಾಲಿಫೋರ್ನಿಯಾದ ಮನೋವೈದ್ಯ ಮಾರ್ಕ್ ಶುಕಿಟ್ ಯುವಕರನ್ನು ವರ್ಷಗಟ್ಟಲೆ ಹಿಂಬಾಲಿಸಿ ಕಂಡುಕೊಂಡ ಸಂಗತಿ ಈ ಬೆನ್ನು ತಟ್ಟುವಿಕೆಗೆ ನೇರವಾಗಿ ಸಂಬಂಧಿಸಿದ್ದು: ಇಪ್ಪತ್ತರ ಆಸುಪಾಸಿನಲ್ಲಿ ಕುಡಿದರೂ ಅಮಲು ಅಷ್ಟಾಗಿ ಏರದವರೇ ಮುಂದೆ ಚಟಕ್ಕೆ ಹೆಚ್ಚು ಬಿದ್ದಿದ್ದರು. ಕುಡಿತ ಶುರುವಾಗುವ ವಯಸ್ಸೂ ಮುಖ್ಯವೇ. 1997ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ, 14 ಅಥವಾ ಅದಕ್ಕೂ ಮೊದಲು ಕುಡಿತ ಆರಂಭಿಸಿದವರಲ್ಲಿ ಶೇಕಡಾ 40ಕ್ಕೂ ಹೆಚ್ಚು ಮಂದಿ ಜೀವನದ ಒಂದಲ್ಲ ಒಂದು ಹಂತದಲ್ಲಿ ಮದ್ಯವ್ಯಸನಿಗಳಾಗಿದ್ದರು. 20ರ ನಂತರ ಆರಂಭಿಸಿದವರಲ್ಲಿ ಆ ಪ್ರಮಾಣ ಸುಮಾರು ಶೇಕಡಾ 10. ಮನೆಯ ಪರಿಸ್ಥಿತಿಯೂ ಇದರಲ್ಲಿ ಸೇರಿರುವುದರಿಂದ ಎಲ್ಲ ವ್ಯತ್ಯಾಸಕ್ಕೂ ವಯಸ್ಸೊಂದೇ ಕಾರಣವೆನ್ನಲಾಗದು. ಆದರೂ, ‘ಮನೆಯವರ ಮುಂದೆಯೇ ಅಭ್ಯಾಸವಾಗಲಿ’ ಎಂಬ ವಾದವನ್ನು ನಾನು ಒಪ್ಪಲಾರೆ.

ಇನ್ನು ಸಕ್ಕರೆ ಇಳಿದದ್ದೇಕೆ? ಹೊಟ್ಟೆ ಖಾಲಿಯಿದ್ದಾಗ ರಕ್ತಕ್ಕೆ ಸಕ್ಕರೆ ಒದಗಿಸುವುದು ಯಕೃತ್ತಿನ ಕೆಲಸ. ಮದ್ಯಸಾರವನ್ನು ಅರಗಿಸುವಾಗ ಅದು ಹೊಸ ಸಕ್ಕರೆ ತಯಾರಿಸಲಾರದು, ಎಳೆಯರ ಯಕೃತ್ತಿನಲ್ಲಿ ದಾಸ್ತಾನೂ ಹೆಚ್ಚಿರುವುದಿಲ್ಲ. ‘ಮಲಗಿ ಎದ್ದರೆ ಸರಿಹೋಗುತ್ತದೆ’ ಎಂಬುದು ಅಪಾಯಕಾರಿಯಾಗುವುದು ಇದರಿಂದಲೇ. ಜೊತೆಗೆ, ಹೊಟ್ಟೆಯಲ್ಲಿ ಉಳಿದ ಮದ್ಯ ಮಲಗಿದ ಮೇಲೂ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಕರೆದರೆ ಏಳದಿದ್ದರೆ, ಮೈ ತಣ್ಣಗಾಗಿದ್ದರೆ, ಉಸಿರು ಉಸಿರಿನ ನಡುವೆ ಹತ್ತು ಸೆಕೆಂಡಿಗೂ ಹೆಚ್ಚು ಬಿಡುವಿದ್ದರೆ, ನಿದ್ದೆಯಲ್ಲೇ ವಾಂತಿಯಾಗಿದ್ದರೆ, ತಡಮಾಡದೆ 108ಕ್ಕೆ ಕರೆ ಮಾಡಬೇಕು. ಅಲ್ಲಿಯವರೆಗೆ ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ ಜೊತೆಯಲ್ಲಿರಬೇಕು. ಮಜ್ಜಿಗೆ, ನಿಂಬೆರಸ, ಕಾಫಿ ಯಾವುದನ್ನೂ ಬಾಯಿಗೆ ಹಾಕಬಾರದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಅದು ಶ್ವಾಸಕೋಶಕ್ಕೆ ಇಳಿದರೆ ಉಸಿರೇ ನಿಲ್ಲಬಹುದು. ಮರ್ಯಾದೆಗೆ ಅಂಜಿ ‘ಪಿತ್ತ ನೆತ್ತಿಗೇರಿದೆ’ ಎಂದು ನಮ್ಮ ಮುಂದೆ ಹೇಳುವವರಿದ್ದಾರೆ. ಏನು ಕುಡಿದ, ಎಷ್ಟು ಕುಡಿದ ಎಂಬ ನಿಜ ತಿಳಿದರೆ ನಮಗೆ ಅರ್ಧ ಗಂಟೆ ಉಳಿಯುತ್ತದೆ.

ಬೆಳಗಿನ ಜಾವ ಹುಡುಗನಿಗೆ ಎಚ್ಚರವಾದ ಮೇಲೆ, ಕೊನೆಯದಾಗಿ ಏನು ನೆನಪಿದೆಯೆಂದು ಕೇಳಿದೆ. ಎರಡನೆಯ ಬಾಟಲಿಯ ಮುಚ್ಚಳ ತೆಗೆದದ್ದು ನೆನಪಿತ್ತು. ಇಬ್ಬರನ್ನು ಹಿಂದೆ ಕೂರಿಸಿಕೊಂಡು ನಾಲೆ ಏರಿಯ ಮೇಲೆ ಬೈಕ್ ಓಡಿಸಿಕೊಂಡು ಬಂದದ್ದು ಒಂದಿಷ್ಟೂ ನೆನಪಿರಲಿಲ್ಲ. ಅದನ್ನು ಕೇಳಿದ ಮೇಲೆ ಸೋದರಮಾವ ಮಾತು ನಿಲ್ಲಿಸಿದರು. ಮಕ್ಕಳಿಗೆ ಮದ್ಯ ಕೊಡುವವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಂ 7 ವರ್ಷದವರೆಗೆ ಕಠಿಣ ಸೆರೆವಾಸವನ್ನೂ 1 ಲಕ್ಷ ರೂಪಾಯಿವರೆಗೆ ದಂಡವನ್ನೂ ವಿಧಿಸುತ್ತದೆ, ಕೊಟ್ಟವರು ನೆಂಟರೆಂಬ ವಿನಾಯಿತಿ ಅದರಲ್ಲಿಲ್ಲ ಎಂದು ತಿಳಿಸಿದೆ. ಹುಡುಗನನ್ನು ಹೊಡೆಯಬೇಡಿ, ಒಂದೆರಡು ದಿನ ಕಳೆದ ಮೇಲೆ ಇದು ಮೊದಲ ಸಲವೇ ಎಂದು ಸಮಾಧಾನವಾಗಿ ಕೇಳಿ, ಅಲ್ಲವೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಎಂದು ತಾಯಿಗೆ ಹೇಳಿದೆ. ಅವರು ಆ ಸಂಖ್ಯೆಯನ್ನು ಡಿಸ್ಚಾರ್ಜ್ ಚೀಟಿಯ ಹಿಂಬದಿಯಲ್ಲಿ ಬರೆಸಿಕೊಂಡು ಹೋದರು.