ಕಾಫಿ ಟಿಪ್ಪಣಿ: ಓಡಿಸಿದ ನಿದ್ದೆ ಎಲ್ಲಿಗೆ ಹೋಗುತ್ತದೆ?

ಕಾಫಿ ಬಗ್ಗೆ ಓದಲು ಕೂತರೆ ಇಸವಿಗಳ ರಾಶಿಯೇ ಸಿಗುತ್ತದೆ. ಎಲ್ಲವನ್ನೂ ಉರು ಹೊಡೆಯುವ ಬದಲು ಒಂದೇ ಎಳೆ ಹಿಡಿದುಕೊಳ್ಳಿ: ಕಾಫಿ ನಿದ್ದೆಯನ್ನು ಮುಂದೂಡುತ್ತದೆ. ಅದು ಊರೂರಿಗೆ ಹಬ್ಬಿದ್ದೂ, ಆಳುವವರಿಗೆ ತಲೆನೋವಾದದ್ದೂ, ಆರೋಗ್ಯದ ಚರ್ಚೆಗೆ ಬಂದದ್ದೂ ಬಹುಪಾಲು ಈ ಗುಣದಿಂದಲೇ.

ಚರಿತ್ರೆ

ಅರೇಬಿಕಾ ಎಂಬ ಜಾತಿಯ ಕಾಫಿ ಗಿಡದ ತವರು ಇಥಿಯೋಪಿಯಾದ ನೈರುತ್ಯ ಭಾಗದ ಕಾಡು. ಹಣ್ಣು ತಿಂದ ಮೇಕೆಗಳು ಕುಣಿದಾಡಿದ್ದನ್ನು ನೋಡಿ ಕುರಿಗಾಹಿಯೊಬ್ಬ ಕಾಫಿ ಕಂಡುಹಿಡಿದ ಅನ್ನುವ ಕಥೆ ಇದೆಯಲ್ವಾ, ಅದನ್ನು ಚರಿತ್ರೆ ಅಂತ ಬರೆಯಬೇಡಿ. ಆ ಕಥೆ ಯುರೋಪಿನಲ್ಲಿ ಅಚ್ಚಾದದ್ದು 1671ರಲ್ಲಿ. ಅಷ್ಟು ಹೊತ್ತಿಗೆ ಜನ ತಲೆಮಾರುಗಳಿಂದ ಕಾಫಿ ಕುಡಿಯುತ್ತಿದ್ದರು.

ಗಟ್ಟಿ ಆಧಾರ ಸಿಗುವುದು 15ನೇ ಶತಮಾನದ ಯೆಮೆನ್‌ನಲ್ಲಿ. ಅಲ್ಲಿನ ಸೂಫಿಗಳು ರಾತ್ರಿಯಿಡೀ ದೇವರ ಧ್ಯಾನದಲ್ಲಿ ಕೂರುತ್ತಿದ್ದರು. ತೂಕಡಿಕೆ ಬಾರದಿರಲು ಕಾಫಿ ಬೇಕಾಯಿತು. ಅಲ್ಲಿಂದ ಅದು ಮೆಕ್ಕಾ, ಕೈರೋ ಕಡೆಗೆ ಹೋಯಿತು.

1511ರಲ್ಲಿ ಮೆಕ್ಕಾದ ಅಧಿಕಾರಿ ಖೈರ್ ಬೇಗ್ ಕಾಫಿಯನ್ನು ನಿಷೇಧಿಸಿದ. ನೆಪ ಧರ್ಮ ಮತ್ತು ಆರೋಗ್ಯದ್ದು. ಆದರೆ ಕೈರೋದಿಂದ ಸುಲ್ತಾನನ ಆದೇಶ ಬಂದಾಗ ನಿಜವಾದ ಅಳುಕು ಏನೆಂದು ಗೊತ್ತಾಯಿತು: ಕುಡಿಯುವುದಕ್ಕೆ ಅಡ್ಡಿಯಿಲ್ಲ, ಅದರ ನೆಪದಲ್ಲಿ ಗುಂಪು ಸೇರುವುದು ಬೇಡ! ನನಗೆ ಇಡೀ ಕಾಫಿ ಚರಿತ್ರೆಯಲ್ಲಿ ಮುಖ್ಯ ಅನಿಸುವ ಸಂಗತಿ ಇದು. ಹೆಂಡ ಕುಡಿದವರು ಕೊನೆಗೆ ಮಲಗುತ್ತಾರೆ. ಕಾಫಿ ಕುಡಿದವರು ಎಚ್ಚರವಾಗಿ ಕೂತು ಮಾತಾಡುತ್ತಾರೆ. ಆಳುವವರಿಗೆ ಎರಡನೆಯವರ ಮೇಲೇ ಭಯ ಜಾಸ್ತಿ.

ಲಂಡನ್ನಿನಲ್ಲೂ ಇದೇ ಆಯಿತು. 1652ರಲ್ಲಿ ಪಾಸ್ಕ್ವಾ ರೋಸೆ ಅಲ್ಲಿ ಮೊದಲ ಕಾಫಿ ಅಂಗಡಿ ತೆರೆದ. ಒಂದು ಪೆನ್ನಿ ಕೊಟ್ಟರೆ ಕಾಫಿ ಸಿಗುತ್ತಿತ್ತು, ಜೊತೆಗೆ ಸುದ್ದಿ ಮತ್ತು ವಾದ ಪುಕ್ಕಟೆ. ಎಡ್ವರ್ಡ್ ಲಾಯ್ಡ್‌ನ ಅಂಗಡಿಗೆ ಹಡಗು ವ್ಯಾಪಾರಿಗಳು ಬರುತ್ತಿದ್ದರು. ಲಾಯ್ಡ್ಸ್ ವಿಮಾ ಮಾರುಕಟ್ಟೆ ಹುಟ್ಟಿದ್ದು ಅಲ್ಲೇ. ರಾಜನ ವಿರುದ್ಧ ಮಾತು ಕಾಫಿ ಅಂಗಡಿಗಳಲ್ಲೇ ಹುಟ್ಟುತ್ತದೆ ಅಂತ 1675ರ ಡಿಸೆಂಬರ್‌ನಲ್ಲಿ ಎರಡನೇ ಚಾರ್ಲ್ಸ್ ಇಂಥ ಅಂಗಡಿಗಳನ್ನೆಲ್ಲ ಮುಚ್ಚಿಸಲು ಆಜ್ಞೆ ಹೊರಡಿಸಿದ. ಜನ ಎಷ್ಟು ಗಲಾಟೆ ಮಾಡಿದರೆಂದರೆ, ಜಾರಿಗೆ ಬರುವ ಮೊದಲೇ ಆಜ್ಞೆ ವಾಪಸ್ಸಾಯಿತು.

ದೇಹದೊಳಗೆ ಏನಾಗುತ್ತದೆ

1819ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆ ಕಾಫಿ ಬೀಜದಿಂದ ಕೆಫೀನ್ ಬೇರ್ಪಡಿಸಿದ. ಎಚ್ಚರದ ಗುಟ್ಟು ಇದರಲ್ಲಿದೆ.

ನಾವು ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಅದು ತನ್ನ ಗ್ರಾಹಕಗಳಲ್ಲಿ, ಅಂದರೆ ನರಕೋಶಗಳ ಮೇಲೆ ಅದಕ್ಕೆಂದೇ ಇರುವ ಜಾಗಗಳಲ್ಲಿ ಕೂತಾಗ ನಿದ್ದೆ ಎಳೆಯುತ್ತದೆ. ಕೆಫೀನ್ ಮೊದಲೇ ಹೋಗಿ ಆ ಜಾಗಕ್ಕೆ ಟವಲ್ ಹಾಕಿಬಿಡುತ್ತದೆ. ಅಡೆನೊಸಿನ್ ನಿಂತೇ ಇರಬೇಕು. ಅಂದರೆ ಕಾಫಿ ಶಕ್ತಿ ಕೊಡುವುದಿಲ್ಲ, ದಣಿವು ಗೊತ್ತಾಗದ ಹಾಗೆ ಮಾಡುತ್ತದೆ ಅಷ್ಟೇ. ಕೆಫೀನ್ ಇಳಿದ ಮೇಲೆ ಕಾದು ನಿಂತಿದ್ದ ದಣಿವು ಒಟ್ಟಿಗೇ ಬರುವುದು ಇದಕ್ಕೇ.

ರಕ್ತದಲ್ಲಿನ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಇದು ಸರಾಸರಿ ಮಾತ್ರ. ಸಿಗರೇಟು ಸೇದುವವರಲ್ಲಿ ಬೇಗ ಇಳಿಯುತ್ತದೆ, ಗರ್ಭಿಣಿಯರಲ್ಲಿ ತುಂಬಾ ನಿಧಾನ. 2013ರ ಒಂದು ಅಧ್ಯಯನದಲ್ಲಿ, ಮಲಗುವ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗಿಂತ ಹೆಚ್ಚು ಕಡಿಮೆಯಾಗಿತ್ತು. ಹಾಗಾಗಿ ಪರೀಕ್ಷೆಯ ಹಿಂದಿನ ಸಂಜೆಯ ಕಾಫಿ ಬಗ್ಗೆ ಸ್ವಲ್ಪ ಯೋಚಿಸಿ.

ಒಳ್ಳೆಯದೋ ಕೆಟ್ಟದ್ದೋ

ಈ ಪ್ರಶ್ನೆಗೆ ಒಂದೇ ಪದದ ಉತ್ತರ ಇಲ್ಲ. ಹಳೆಯ ಕೆಲವು ಅಧ್ಯಯನಗಳು ಕಾಫಿಯನ್ನು ಹೃದ್ರೋಗಕ್ಕೆ ಗಂಟು ಹಾಕಿದ್ದವು. ಕಾಫಿ ಜಾಸ್ತಿ ಕುಡಿಯುವವರಲ್ಲಿ ಸಿಗರೇಟು ಸೇದುವವರೂ ಜಾಸ್ತಿ ಇದ್ದರು. ಸಿಗರೇಟಿನ ತಪ್ಪು ಕಾಫಿಯ ತಲೆಗೆ ಬಂದಿತ್ತು. ಈಗಿನ ಅಧ್ಯಯನಗಳಲ್ಲಿ ಕಾಫಿ ಕುಡಿಯುವವರಿಗೆ ಟೈಪ್ 2 ಮಧುಮೇಹ, ಪಾರ್ಕಿನ್ಸನ್, ಯಕೃತ್ತಿನ ಕಾಯಿಲೆ ಕಡಿಮೆ ಕಾಣುತ್ತದೆ. ಆದರೆ ಜೊತೆಯಲ್ಲಿ ಕಂಡದ್ದೆಲ್ಲ ಕಾರಣವಲ್ಲ. ಸಿಗರೇಟಿನ ವಿಷಯದಲ್ಲಿ ಆದ ಎಡವಟ್ಟು ಇಲ್ಲೂ ಆಗಬಹುದು.

ಕ್ಯಾನ್ಸರ್ ವಿಷಯವೂ ಹೀಗೇ ತಿರುಗಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1991ರಲ್ಲಿ ಕಾಫಿಯನ್ನು ಅನುಮಾನದ ಪಟ್ಟಿಗೆ ಸೇರಿಸಿ, 2016ರಲ್ಲಿ ಕೈಬಿಟ್ಟಿತು. 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳಕ್ಕೆ ಅಪಾಯ ತರಬಹುದು ಎಂದು ಅದೇ ಸಲ ಹೇಳಿತು. ಬಿಸಿಯ ಮೇಲೆ ಅನುಮಾನ, ಕಾಫಿಯ ಮೇಲಲ್ಲ.

ಅಳತೆಯ ವಿಷಯ: ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿದಂತೆ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ಕೆಫೀನ್ ತೊಂದರೆಯಿಲ್ಲ, ಗರ್ಭಿಣಿಯರಿಗೆ 200. ಕಪ್ ಲೆಕ್ಕ ಇಲ್ಲಿ ಸುಮ್ನೆ ದಾರಿ ತಪ್ಪಿಸುತ್ತದೆ, ಯಾಕೆಂದರೆ ರೋಬಸ್ಟಾ ಎಂಬ ಇನ್ನೊಂದು ಜಾತಿಯ ಕಾಫಿಯಲ್ಲಿ ಅರೇಬಿಕಾದ ಸುಮಾರು ಎರಡು ಪಟ್ಟು ಕೆಫೀನ್ ಇರುತ್ತದೆ. ಸೋಸುವ ರೀತಿಯೂ ಮುಖ್ಯ. ಪುಡಿಯನ್ನು ಕುದಿಸಿ ಹಾಗೇ ಕುಡಿದರೆ ಕೆಫೆಸ್ಟಾಲ್ ಎಂಬ ಎಣ್ಣೆಯಂಶ ಕೊಲೆಸ್ಟ್ರಾಲ್ ಏರಿಸುತ್ತದೆ. ಕಾಗದದ ಫಿಲ್ಟರ್ ಅದರಲ್ಲಿ ಬಹುಪಾಲನ್ನು ತಡೆಯುತ್ತದೆ.

ದಿನಾ ಕುಡಿಯುವವರು ಥಟ್ಟನೆ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗಬಹುದು. ಬಿಡುವ ಮನಸ್ಸಿದ್ದರೆ ದಿನಾ ಸ್ವಲ್ಪ ಸ್ವಲ್ಪವೇ ಇಳಿಸಿ.