ಟ್ಯೂಬಿನ ಜೊತೆ ಕಥೆಯೂ ಬರಲಿ

ಮೆದುಳಿಗೆ ಸೋಂಕು ತಗುಲಿದೆಯಾ ಅಂತ ನೋಡಲು ಬೆನ್ನಿನಿಂದ ನೀರು ತೆಗೆಯಬೇಕು ಅಂದ ಕೂಡಲೇ ಮನೆಯವರು ಗಾಬರಿಯಾಗುತ್ತಾರೆ. ‘ಕಾಲು ಸ್ವಾಧೀನ ಹೋಗಲ್ವಾ ಡಾಕ್ಟ್ರೇ?’ ಹೋಗಲ್ಲ. ಸೂಜಿ ಹಾಕುವ ಜಾಗಕ್ಕಿಂತ ಮೇಲೇ ಬೆನ್ನುಹುರಿ ಮುಗಿದಿರುತ್ತದೆ. ಕೆಲವರಿಗೆ ಒಂದೆರಡು ದಿನ ತಲೆನೋವು ಬರುವುದುಂಟು.

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಕೂತು ಆ ನೀರನ್ನು ನೋಡುವವನು. ಟ್ಯೂಬ್ ಬಂದರೆ ಮೊದಲು ಬೆಳಕಿಗೆ ಹಿಡಿಯುತ್ತೇನೆ. ಅಕ್ಕಿ ತೊಳೆದ ನೀರಿನ ಹಾಗೆ ಕದಡಿದ್ದರೆ ಬ್ಯಾಕ್ಟೀರಿಯಾ ಮೇಲೆ ಅನುಮಾನ. ವೈರಸ್ ಆದರೆ ಸಾಮಾನ್ಯವಾಗಿ ತಿಳಿಯಾಗಿಯೇ ಇರುತ್ತದೆ. ಆಮೇಲೆ ಬಿಳಿ ರಕ್ತಕಣಗಳ ಲೆಕ್ಕ. ದೊಡ್ಡವರಲ್ಲಿ ಒಂದು ಮೈಕ್ರೋಲೀಟರಿಗೆ 5ರ ಒಳಗಿರಬೇಕು. ಬ್ಯಾಕ್ಟೀರಿಯಾ ಹೊಕ್ಕರೆ ಸಾವಿರ ದಾಟುವುದೂ ಉಂಟು, ಅದರಲ್ಲಿ ಒಂದು ಬಗೆಯ ಕಣಗಳಾದ ನ್ಯೂಟ್ರೋಫಿಲ್‌ಗಳೇ ಜಾಸ್ತಿ. ವೈರಸ್ಸಿಗೆ ಇನ್ನೊಂದು ಬಗೆಯ ಲಿಂಫೋಸೈಟ್‌ಗಳು. ಟಿ.ಬಿ.ಯಲ್ಲೂ ಲಿಂಫೋಸೈಟೇ, ಆದರೆ ಸಕ್ಕರೆ ಇಳಿದಿರುತ್ತದೆ.

ಈ ಸಕ್ಕರೆ ವಿಷಯದಲ್ಲೇ ಎಡವಟ್ಟಾಗುವುದು. ಬೆನ್ನಿನ ನೀರಿನಲ್ಲಿ 90 ಇದೆ ಅಂದುಕೊಳ್ಳಿ. ನೋಡಲು ಚೆನ್ನಾಗಿಯೇ ಇದೆ, ಅಲ್ವಾ? ಆದರೆ ಆ ಮನುಷ್ಯನಿಗೆ ಶುಗರ್ ಇದ್ದು, ರಕ್ತದಲ್ಲಿ 300 ಇದ್ದರೆ? ಸಾಮಾನ್ಯವಾಗಿ ರಕ್ತದಲ್ಲಿರುವುದರ ಸುಮಾರು ಶೇ. 60ರಷ್ಟು ಇಲ್ಲಿರುತ್ತದೆ. 90 ಅಂದರೆ ತೀರಾ ಕಡಿಮೆ. ಅದಕ್ಕೇ ಅದೇ ಹೊತ್ತಿಗೆ ರಕ್ತವನ್ನೂ ತೆಗೆದು ಕಳಿಸಿ ಅಂತ ಬಡಕೊಳ್ಳುವುದು.

ಒಮ್ಮೆ ಒಂದು ನರ್ಸಿಂಗ್ ಹೋಮಿನಿಂದ ಬೆಳಿಗ್ಗೆ ಟ್ಯೂಬ್ ಬಂತು. ಮುಟ್ಟಿದರೆ ತಣ್ಣಗಿದೆ. ಕೆಡಬಾರದು ಅಂತ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ ಇಟ್ಟಿದ್ದರಂತೆ! ಹಾಲಿಗಾದರೆ ಸರಿ. ಮೆನಿಂಜೊಕಾಕಸ್‌ನಂಥ ಬ್ಯಾಕ್ಟೀರಿಯಾ ತಣ್ಣಗಾದರೆ ಸಾಯುತ್ತವೆ, ಹೊತ್ತು ಹೋದಂತೆ ಕಣಗಳೂ ಒಡೆಯುತ್ತವೆ. ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ.

ವೈರಸ್‌ಗಳದ್ದು ಬೇರೆ ರಗಳೆ. ಜ್ವರದ ಜೊತೆ ಮಾತು ಅಡ್ಡಾದಿಡ್ಡಿ ಆಗಿದ್ದರೆ, ಮನೆಯವರ ಗುರುತೇ ಸಿಗದಿದ್ದರೆ, ದೆವ್ವ ಮೆಟ್ಟಿದೆ ಅಂತ ತಾಯತ ಕಟ್ಟಿಸಿಕೊಂಡು ಬರುವವರಿದ್ದಾರೆ. ಅದು ಮೆದುಳಿಗೆ ತಗುಲಿದ ಹರ್ಪಿಸ್ ವೈರಸ್ ಇರಬಹುದು. ವೈರಸ್ಸಿನ ವಂಶವಾಹಿ ಹುಡುಕುವ ಪಿಸಿಆರ್ ಒಳ್ಳೆಯ ಪರೀಕ್ಷೆಯೇ, ಆದರೆ ಮೊದಲ ಎರಡು ಮೂರು ದಿನ ಸುಳ್ಳು ನೆಗೆಟಿವ್ ಬರಬಹುದು. ಅನುಮಾನ ಬಲವಾಗಿದ್ದರೆ ಹರ್ಪಿಸ್ಸಿನ ಔಷಧಿ ಎಸೈಕ್ಲೋವಿರ್ ನಿಲ್ಲಿಸದೆ, ಕೆಲವು ದಿನ ಬಿಟ್ಟು ಇನ್ನೊಮ್ಮೆ ನೀರು ಕಳಿಸಬೇಕು. ಕೋಲಾರ, ಬಳ್ಳಾರಿ ಕಡೆಯ ಮಗುವಾದರೆ ಜಪಾನೀಸ್ ಎನ್ಸೆಫಲೈಟಿಸ್, ಅದೇ ನಮ್ಮ ಜನ ಮೆದುಳು ಜ್ವರ ಅನ್ನುವುದು, ನೆನಪಿಗೆ ಬರಲೇಬೇಕು. ಇದಕ್ಕೆ ಹೆಚ್ಚಾಗಿ, ಸೋಂಕಿನ ವಿರುದ್ಧ ದೇಹ ಮಾಡುವ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆಯೇ ಆಧಾರ. ಊರು ಯಾವುದು, ಜ್ವರ ಬಂದು ಎಷ್ಟು ದಿನ ಅಂತ ಚೀಟಿಯಲ್ಲಿ ಬರೆಯದಿದ್ದರೆ ನಾನು ಏನಂತ ಹುಡುಕಲಿ?

ಎಲ್ಲಕ್ಕಿಂತ ಮೋಸ ಮಾಡುವುದು ಸ್ಕ್ರಬ್ ಟೈಫಸ್. ಬ್ಯಾಕ್ಟೀರಿಯಾನೇ, ಆದರೆ ಬೆನ್ನಿನ ನೀರು ವೈರಸ್ ಥರ ಕಾಣುತ್ತದೆ. ಮಾಮೂಲಿ ಕಲ್ಚರ್‌ನಲ್ಲಿ ಬೆಳೆಯುವುದಿಲ್ಲ, ಮೆದುಳಿನ ಪೊರೆಯ ಸೋಂಕಾದ ಮೆನಿಂಜೈಟಿಸ್‌ಗೆ ಕೊಡುವ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗುವುದಿಲ್ಲ. ಪೊದೆಯಲ್ಲಿರುವ ಸಣ್ಣ ಹುಳದ ಮರಿ ಕಚ್ಚಿದ ಜಾಗದಲ್ಲಿ, ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆ ಇರಬಹುದು. ನೋವಿಲ್ಲ, ತುರಿಕೆಯೂ ಇಲ್ಲ. ರೋಗಿಗೇ ಗೊತ್ತಿರುವುದಿಲ್ಲ.

ಅಂಥದ್ದೇ ಒಂದು ಟ್ಯೂಬ್ ನೋಡಿ ವಾರ್ಡಿಗೆ ಫೋನ್ ಮಾಡಿದೆ. ‘ತೋಟದ ಕೆಲಸದವರು ಅಂತ ಬರೆದಿದ್ದೀರಿ. ಮೈಯೆಲ್ಲ ನೋಡಿದ್ರಾ?’

ಹತ್ತು ನಿಮಿಷಕ್ಕೆ ಜೂನಿಯರ್ ವಾಪಸ್ ಫೋನ್ ಮಾಡಿದಳು. ‘ಸರ್, ಪಂಚೆ ಕಟ್ಟೋ ಜಾಗದಲ್ಲಿದೆ.’

ಆ ರಾತ್ರಿಯೇ ಸ್ಕ್ರಬ್ ಟೈಫಸ್ಸಿನ ಮದ್ದು ಡಾಕ್ಸಿಸೈಕ್ಲಿನ್ ಶುರುವಾಯಿತು.